ರಾತ್ರಿಯಾದರೆ ಹಾಯಿದೋಣಿ ಎಲ್ಲಿ ನಿಲ್ಲುತ್ತದೆ?

ಓದುಗರ ಪ್ರಶ್ನೆ: ಕರಾವಳಿಯುದ್ದಕ್ಕೂ ಹಾಯಿದೋಣಿಯಲ್ಲಿ ಎರಡು ಮೂರು ದಿನ ಹೋಗುವವರು ರಾತ್ರಿ ಏನು ಮಾಡುತ್ತಾರೆ? ಲಂಗರು ಹಾಕಿ ಎಲ್ಲರೂ ಮಲಗಿಬಿಡುತ್ತಾರಾ?

ಇಲ್ಲ, ದಡದಿಂದ ದೂರ ಸಾಗುವವರು ನಿಲ್ಲುವುದೇ ಇಲ್ಲ. ದಡ ಬಿಟ್ಟು ದೂರ ಹೋದ ಮೇಲೆ ಲಂಗರಿನ ಸರಪಳಿ ಸಾಲದಷ್ಟು ಆಳ ಇರುತ್ತದೆ. ಆಳ ಕಡಿಮೆ ಇದ್ದರೂ ಅಲೆಗೆ ಮರೆಯೇ ಇಲ್ಲದ ಜಾಗದಲ್ಲಿ ನಿಂತ ದೋಣಿ ಎಷ್ಟು ಹೊಯ್ದಾಡುತ್ತದೆ ಅಂದ್ರೆ, ಅದಕ್ಕಿಂತ ಸಾಗುತ್ತಿರುವುದೇ ಮೇಲು. ಇನ್ನು ವೇಗದ ಲೆಕ್ಕ ನೋಡಿ. 5 ನಾಟ್ ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್. ನಿಲ್ಲದೆ ಹೋದರೆ 24 ಗಂಟೆಗೆ 120 ನಾಟಿಕಲ್ ಮೈಲಿ (ಸುಮಾರು 220 ಕಿಲೋಮೀಟರ್), ರಾತ್ರಿ ನಿಂತರೆ ಅದರಲ್ಲಿ ಅರ್ಧ.

ದಡದ ಹತ್ತಿರವೇ ಯಾಕೆ ಹೋಗಬಾರದು ಅಂತ ಅನಿಸಬಹುದು. ಬಂಡೆ, ಮೀನಿನ ಬಲೆ, ದೀಪವಿಲ್ಲದ ಸಣ್ಣ ದೋಣಿ ಎಲ್ಲಾ ಅಲ್ಲೇ ಜಾಸ್ತಿ. ದೂರದಲ್ಲಿದ್ದರೆ ಏನಾದರೂ ಕೆಟ್ಟರೂ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ.

ಹಾಗಾಗಿ ದಿನವನ್ನು ಪಾಳಿಗಳಾಗಿ ಹಂಚಿಕೊಳ್ಳುತ್ತಾರೆ. 3 ಅಥವಾ 4 ಗಂಟೆ ಒಬ್ಬರು ಮೇಲೆ, ಉಳಿದವರು ಕೆಳಗೆ. ಚುಕ್ಕಾಣಿಯನ್ನು ಹೆಚ್ಚಿನ ಹೊತ್ತು ಆಟೋಪೈಲಟ್ ಹಿಡಿದಿರುತ್ತದೆ, ಆದರೆ ಅದಕ್ಕೆ ಕಣ್ಣಿಲ್ಲ ಅಲ್ವಾ? ಯಾವಾಗಲೂ ಒಬ್ಬರು ಸುತ್ತ ನೋಡುತ್ತಿರಲೇಬೇಕು ಅನ್ನುವುದು ಎಲ್ಲ ಹಡಗು, ದೋಣಿಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮ.

ಹಗಲು ಸುಲಭ. ಹಾಯಿ ಸರಿಪಡಿಸು, ಹಗ್ಗ ಎಲ್ಲಾದರೂ ಉಜ್ಜಿ ಸವೆದಿದೆಯಾ ನೋಡು, ಏನಾದರೂ ಬೇಯಿಸಿ ತಿನ್ನು, ಮಲಗು. ಕತ್ತಲಾಗುವ ಮೊದಲು ಒಂದು ಕೆಲಸ ಮಾತ್ರ ಬಿಡಬಾರದು: ಗಾಳಿ ಏರುವ ಸೂಚನೆ ಇದ್ದರೆ ಹಾಯಿಯನ್ನು ಆಗಲೇ ಸ್ವಲ್ಪ ಇಳಿಸಿ ಕಿರಿದು ಮಾಡುವುದು. ಕತ್ತಲಲ್ಲಿ, ಅಲೆ ಹೊಡೆಯುವಾಗ, ಹಾಯಿಕಂಬದ ಬುಡಕ್ಕೆ ಹೋಗಿ ಅದೇ ಕೆಲಸ ಮಾಡುವುದು ನಿಜಕ್ಕೂ ಅಪಾಯ.

ರಾತ್ರಿ ಪಾಳಿಯವರು ಮೇಲೆ ಬರುವ ಮೊದಲೇ ಸುರಕ್ಷತಾ ಪಟ್ಟಿ ಕಟ್ಟಿಕೊಂಡು, ಅದರ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸುತ್ತಾರೆ. ಒಬ್ಬರೇ ಇದ್ದಾಗ ನೀರಿಗೆ ಬಿದ್ದರೆ ಕೆಳಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ನಕ್ಷೆ ನೋಡಲು ಮಂದ ಕೆಂಪು ದೀಪ ಸಾಕು. ಬಿಳಿ ದೀಪ ಹಾಕಿದರೆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಅಷ್ಟರೊಳಗೆ ದಿಗಂತದಲ್ಲಿ ಕಂಡ ದೊಡ್ಡ ಹಡಗು ಪಕ್ಕಕ್ಕೇ ಬಂದಿರಬಹುದು.

ದೂರದ ಹಡಗಿನ ಕೆಂಪು ದೀಪ ಕಂಡರೆ ಅದರ ಎಡಮಗ್ಗುಲು, ಹಸಿರು ಕಂಡರೆ ಬಲಮಗ್ಗುಲು, ಎರಡೂ ಒಟ್ಟಿಗೆ ಕಂಡರೆ ಅದರ ಮೂತಿ ನಮ್ಮ ಕಡೆಗೇ ಇದೆ. ದಿಕ್ಸೂಚಿ ಹಿಡಿದು ಆ ದೀಪ ಯಾವ ದಿಕ್ಕಿಗಿದೆ ನೋಡಿ, ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿ. ದಿಕ್ಕು ಬದಲಾಗುತ್ತಿದ್ದರೆ ಸಾಮಾನ್ಯವಾಗಿ ಅದು ದಾಟಿ ಹೋಗುತ್ತದೆ. ಬದಲಾಗದೆ ದೀಪ ಮಾತ್ರ ಹತ್ತಿರವಾಗುತ್ತಿದ್ದರೆ ಡಿಕ್ಕಿಯ ದಾರಿ, ತಡಮಾಡದೆ ಏನಾದರೂ ಮಾಡಬೇಕು. ಏಐಎಸ್ (ಹಡಗುಗಳು ರೇಡಿಯೋದಲ್ಲಿ ತಮ್ಮ ಗುರುತು ಕಳಿಸುವ ವ್ಯವಸ್ಥೆ) ಪರದೆ ಹಡಗಿನ ಹೆಸರು, ವೇಗ ಎಲ್ಲಾ ತೋರಿಸುತ್ತದೆ ನಿಜ, ಆದರೆ ಸಣ್ಣ ಮೀನುಗಾರಿಕೆ ದೋಣಿಗಳಲ್ಲಿ ಬಹಳಷ್ಟು ಅದರಲ್ಲಿ ಕಾಣುವುದೇ ಇಲ್ಲ. ಅನುಮಾನ ಬಂದರೆ ಮಲಗಿದವರನ್ನು ಎಬ್ಬಿಸಿ, ಸಂಕೋಚ ಬೇಡ.

ನೀವು ಮೊದಲ ಸಲ ಹೊರಟಿದ್ದೀರಾದರೆ, ಸಂಜೆ ಏಳಕ್ಕೆ ನಿದ್ದೆ ಬರದಿದ್ದರೂ ಸುಮ್ನೆ ಕೆಳಗೆ ಹೋಗಿ ಕಣ್ಣು ಮುಚ್ಚಿ ಮಲಗಿ. ಸೂರ್ಯಾಸ್ತ ನೋಡುತ್ತಾ ಮೇಲೆ ಕೂತವರಿಗೆ ಬೆಳಗಿನ ಜಾವದ ಪಾಳಿ ಬಹಳ ಕಷ್ಟವಾಗುತ್ತದೆ.