ನಕ್ಷತ್ರ ಉಬ್ಬುತ್ತಿದೆ ಅಂತ ಹೇಗೆ ಗೊತ್ತು?

ಶಾಲೆಗಳಿಗೆ ಮಾತಾಡಲು ಹೋದಾಗ ಮಕ್ಕಳು ಕೇಳುವ ಪ್ರಶ್ನೆ ಇದು. ನನಗೆ ತುಂಬ ಇಷ್ಟದ ಪ್ರಶ್ನೆ. ಯಾಕಂದ್ರೆ ನಮ್ಮ ದೂರದರ್ಶಕದಲ್ಲೂ ನಕ್ಷತ್ರ ಬರೀ ಚುಕ್ಕಿ. ಅದು ಉಬ್ಬುವುದು, ಕುಗ್ಗುವುದು ನೇರವಾಗಿ ಕಾಣುವುದಿಲ್ಲ. ಕಾಣುವುದು ರೋಹಿತದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ, ಕಪ್ಪು ಗೆರೆಗಳಲ್ಲಿ. ನಕ್ಷತ್ರದ ಮೈ ನಮ್ಮತ್ತ ಬಂದರೆ ಗೆರೆ ನೀಲಿಯತ್ತ ಸರಿಯುತ್ತದೆ, ದೂರ ಹೋದರೆ ಕೆಂಪಿನತ್ತ. ಎಷ್ಟು ಸರಿಯಿತೋ ಅದರಿಂದ ವೇಗ ಗೊತ್ತಾಗುತ್ತದೆ.

ಸೆಫಿಯಸ್ ನಕ್ಷತ್ರಪುಂಜದ ಡೆಲ್ಟಾ ಸೆಫೈ ನಕ್ಷತ್ರವನ್ನೇ ನೋಡಿ. 1784ರಲ್ಲಿ ಇಂಗ್ಲೆಂಡಿನ ಜಾನ್ ಗುಡ್‌ರಿಕ್ ಇದರ ಬೆಳಕು ಏರಿಳಿಯುವುದನ್ನು ಕಂಡುಹಿಡಿದ. ಕಿವಿ ಕೇಳದ ಹುಡುಗ, ಆಗಿನ್ನೂ 20 ವರ್ಷ. ಒಂದು ಸುತ್ತಿಗೆ 5 ದಿನ, ಮೇಲೆ ಸುಮಾರು 9 ಗಂಟೆ. ಬೆಳಕು ಬೇಗ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ.

1894ರಲ್ಲಿ ರಷ್ಯಾದ ಖಗೋಳಜ್ಞ ಬೆಲೊಪೊಲ್‌ಸ್ಕಿ ಇದರ ಗೆರೆಗಳು ಹಿಂದೆ ಮುಂದೆ ಸರಿಯುವುದನ್ನು ಅಳೆದ. ಜೋಡಿ ನಕ್ಷತ್ರ ಇರಬೇಕು, ಒಂದನ್ನೊಂದು ಸುತ್ತುತ್ತಿವೆ ಅಂದುಕೊಂಡರು. ಸಹಜವೇ. ಆದರೆ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 20 ಕಿ.ಮೀ. ವೇಗ, ಐದೂ ಚಿಲ್ಲರೆ ದಿನದ ಸುತ್ತು ಅಂದರೆ ಕಕ್ಷೆಯ ತ್ರಿಜ್ಯ ಸುಮಾರು 15 ಲಕ್ಷ ಕಿ.ಮೀ. ಆ ನಕ್ಷತ್ರದ ತ್ರಿಜ್ಯವೇ ಸುಮಾರು 3 ಕೋಟಿ ಕಿ.ಮೀ! ಜೊತೆಗಾರ ಇದ್ದರೆ ಇದರ ಹೊಟ್ಟೆಯೊಳಗೇ ಇರಬೇಕು. 1914ರಲ್ಲಿ ಅಮೆರಿಕದ ಖಗೋಳಜ್ಞ ಹಾರ್ಲೋ ಶಾಪ್ಲಿ ಇಂಥದ್ದೇ ವಾದ ಇಟ್ಟು, ನಕ್ಷತ್ರವೇ ಮಿಡಿಯುತ್ತಿದೆ ಎಂದ.

ಗೆರೆಗಳು ಸರಿಯುವ ದೂರ ಬಹಳ ಚಿಕ್ಕದು. ಬೆಳಕಿನ ಅಲೆಯ ಉದ್ದವನ್ನು ಆಂಗ್‌ಸ್ಟ್ರಾಂ ಎಂಬ ಪುಟ್ಟ ಮಾನದಲ್ಲಿ ಅಳೆಯುತ್ತೇವೆ. 6000 ಆಂಗ್‌ಸ್ಟ್ರಾಂ ಹತ್ತಿರ, ನಕ್ಷತ್ರದಲ್ಲಿರುವ ಕಬ್ಬಿಣದಿಂದ ಮೂಡುವ ಗೆರೆ ಆ ಕಡೆ ಈ ಕಡೆ 0.4 ಆಂಗ್‌ಸ್ಟ್ರಾಂನಷ್ಟು ಸರಿಯುತ್ತದೆ, ಅಷ್ಟೇ. ಅದಕ್ಕೇ ನಕ್ಷತ್ರದ ರೋಹಿತದ ಜೊತೆಗೆ ಥೋರಿಯಂ-ಆರ್ಗಾನ್ ದೀಪದ ರೋಹಿತವನ್ನೂ ತೆಗೆಯುತ್ತೇವೆ. ಅದರ ಗೆರೆಗಳ ಜಾಗ ಖಚಿತವಾಗಿ ಗೊತ್ತು, ಅದೇ ನಮ್ಮ ಅಳತೆಪಟ್ಟಿ. ಇನ್ನೊಂದು ವಿಷಯ: ಭೂಮಿಯೂ ಸೆಕೆಂಡಿಗೆ 30 ಕಿ.ಮೀ. ಓಡುತ್ತಿದೆ, ಅಲ್ವಾ? ಅದರಲ್ಲಿ ಒಂದು ಪಾಲು ನಮ್ಮ ಅಳತೆಯಲ್ಲಿ ಸೇರಿರುತ್ತದೆ. ಅದನ್ನು ಕಳೆಯದಿದ್ದರೆ ತಿಂಗಳುಗಟ್ಟಲೆ ಕೂಡಿಸಿದ ರಾತ್ರಿಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಗೆರೆಯನ್ನು ತೆರೆಯ ಮೇಲೆ ಹಿಗ್ಗಿಸಿ ನೋಡಿದರೆ ಇನ್ನೂ ಒಂದು ಸಂಗತಿ ಕಾಣುತ್ತದೆ. ಗೆರೆ ಸಮವಾಗಿರುವುದಿಲ್ಲ, ಒಂದು ಪಕ್ಕಕ್ಕೆ ವಾಲಿರುತ್ತದೆ. ಉಬ್ಬುವಾಗ ನಕ್ಷತ್ರದ ನಡುಭಾಗ ನೇರ ನಮ್ಮತ್ತ ಬರುತ್ತದೆ, ಅಂಚು ಹಾಗಲ್ಲ, ಅಡ್ಡಕ್ಕೆ ಸರಿಯುತ್ತದೆ. ಹಾಗಾಗಿ ಅಳತೆಗೆ ಸಿಗುವ ವೇಗ ನಿಜವಾದ ವೇಗಕ್ಕಿಂತ ಕಡಿಮೆ. ಸುಮಾರು 1.3ರಿಂದ ಗುಣಿಸಬೇಕು. ಈ ಸಂಖ್ಯೆಯನ್ನು ಹಗುರವಾಗಿ ನೋಡಬಾರದು. ಇದು ತಪ್ಪಿದರೆ ಈ ವೇಗದಿಂದ ಲೆಕ್ಕ ಹಾಕಿದ ನಕ್ಷತ್ರದ ದೂರವೂ ತಪ್ಪುತ್ತದೆ.

ನನಗೆ ಈಗಲೂ ಬೆರಗು ಹುಟ್ಟಿಸುವುದು ಇದು: ನಕ್ಷತ್ರ ಅತಿ ದೊಡ್ಡದಾಗಿದ್ದಾಗ ಅತಿ ಪ್ರಕಾಶವಾಗಿರುವುದಿಲ್ಲ. ರಭಸದಿಂದ ಉಬ್ಬುತ್ತಿರುವಾಗಲೇ ಜಾಸ್ತಿ ಬೆಳಗುತ್ತದೆ. ಯಾಕಂದ್ರೆ ಆಗ ಅದು ಹೆಚ್ಚು ಬಿಸಿ. ಗಾತ್ರಕ್ಕಿಂತ ಬಿಸಿಯ ಕೈ ಮೇಲು. ಬರೀ ಬೆಳಕು ಅಳೆದಿದ್ದರೆ ಇದು ತಿಳಿಯುತ್ತಿರಲಿಲ್ಲ.

ನವೆಂಬರ್ ಮೊದಲ ವಾರ, ರಾತ್ರಿ 8ರ ಹೊತ್ತಿಗೆ ನಮ್ಮೂರುಗಳಿಂದ ಉತ್ತರಕ್ಕೆ ಮುಖ ಮಾಡಿ. ದಿಗಂತಕ್ಕೂ ನೆತ್ತಿಗೂ ನಡುವೆ ಮೂರು ನಕ್ಷತ್ರಗಳ ಪುಟ್ಟ ತ್ರಿಕೋನ ಸಿಗುತ್ತದೆ: ನಮ್ಮ ಡೆಲ್ಟಾ, ಅದೇ ಪುಂಜದ ಝೀಟಾ ಮತ್ತು ಎಪ್ಸಿಲಾನ್. ಡೆಲ್ಟಾ ಒಂದು ರಾತ್ರಿ ಝೀಟಾದಷ್ಟು ಹೊಳೆಯುತ್ತದೆ, ಕೆಲವು ರಾತ್ರಿ ಕಳೆದರೆ ಎಪ್ಸಿಲಾನ್‌ನಷ್ಟು ಮಂಕಾಗುತ್ತದೆ. ಅದು ಮತ್ತೆ ಏರತೊಡಗಿದ ರಾತ್ರಿ, ಆ ಮೈ ನಿಮ್ಮ ಕಡೆಗೇ ಉಬ್ಬಿ ಬರುತ್ತಿರುತ್ತದೆ.