ಹಿಟ್ಟು ತೊಳಸುವ ಕೈ ಯಾರದ್ದು?

ಮಂಡ್ಯದಲ್ಲಿ ನಾನು ಡಯಟಿಷಿಯನ್. ಬಂದವರನ್ನೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ?

ಕೆಲವು ವಾರಗಳ ಹಿಂದೆ ಮದ್ದೂರು ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು. ಗಾರ್ಮೆಂಟ್ಸ್ ಕೆಲಸ. ರಕ್ತ ಕಡಿಮೆ ಅಂತ ಡಾಕ್ಟರು ಕಳಿಸಿದ್ದರು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯಲ್ಲಿ ಅದೇ ಚಿತ್ರಾನ್ನ, ರಾತ್ರಿ ಅನ್ನ, ತಿಳಿಸಾರು. ಊಟ ಆದ ತಕ್ಷಣ ಟೀ.

"ಮುದ್ದೆ ಮಾಡಲ್ವಾ?" ಅಂದೆ.

"ರಾಗಿ ಮನೇಲೇ ಅದೆ ಮೇಡಂ, ಸೊಸೈಟೀಲಿ ಕೊಟ್ಟಿದ್ದು. ಹಸನು ಮಾಡೋರ್ಯಾರು, ಮಿಲ್ಲಿಗೆ ಹಾಕ್ಸೋರ್ಯಾರು, ಹಿಟ್ಟು ತೊಳಸೋರ್ಯಾರು?"

ಆಹಾರ ಭದ್ರತೆ ಬಗ್ಗೆ ಎಷ್ಟೋ ಸಭೆಗಳಲ್ಲಿ ಕೂತು ಬಂದಿದ್ದೇನೆ. ಅಲ್ಲಿ ಯಾರೂ ಈ ಮೂರು ಪ್ರಶ್ನೆ ಕೇಳಿದ್ದು ನೆನಪಿಲ್ಲ. ಅಲ್ಲಿ ಮಾತೆಲ್ಲ "ಗ್ರಾಹಕರ ಆಯ್ಕೆ" ಸುತ್ತ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಜನ ರಾಗಿ ಆರಿಸಿಕೊಂಡರೆ ನೀರು ಉಳಿಯುತ್ತದೆ, ಮಣ್ಣು ಉಳಿಯುತ್ತದೆ ಅಂದರು. ಅದು ಸುಳ್ಳಲ್ಲ. ಅದೇ 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ನಾಲೆ ನೀರು ನಂಬಿ ಭತ್ತ, ಕಬ್ಬು ಹಾಕುವ ನಮ್ಮ ಕಡೆ ಅದೆಂಥ ವರ್ಷ ಅಂತ ಬಿಡಿಸಿ ಹೇಳಬೇಕಿಲ್ಲ. ನಾಗಮಂಗಲದ ಕಡೆ ರಾಗಿ ಮಳೆಯಲ್ಲೇ ಬೆಳೆಯುತ್ತದೆ, ಭತ್ತದ ಹಾಗೆ ನೀರಲ್ಲಿ ನಿಲ್ಲಬೇಕಿಲ್ಲ. ಕೊಯ್ಲಾದ ಮೇಲೂ ರಾಗಿ ಗಟ್ಟಿ. ಕಾಳು ಸಣ್ಣದು, ಹುಳ ಬೀಳುವುದು ಕಡಿಮೆ. ಹಿಂದಿನವರು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು. ಬರಗಾಲದ ಬ್ಯಾಂಕು ಅದು.

ಹೊಲದ ಕಡೆಯೂ ಕೆಲಸ ಆಗಿದೆ. ಇಲ್ಲೇ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಇಳುವರಿ ಏರಿತು. ಬೆಂಬಲ ಬೆಲೆಯೂ 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ ಆಯಿತು. ಅಡುಗೆಮನೆಯಲ್ಲಿ ಮಾತ್ರ ಅವ್ವ ಹಿಡಿದ ಮೊರ, ಅವ್ವ ಹಿಡಿದ ಹಿಟ್ಟಿನ ಕೋಲು ಹಾಗೇ ಇವೆ. ಅವ್ವ ಗಾರ್ಮೆಂಟ್ಸ್ ಬಸ್ಸಿಗೆ ನಿಂತಿದ್ದಾಳೆ.

ಸೊಸೈಟಿಯಲ್ಲಿ ರಾಗಿ ಬದಲು ಹಿಟ್ಟೇ ಕೊಡಲಿ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹಿಟ್ಟು ಮಾಡಿದ ಮೇಲೆ ರಾಗಿಯ ಆ ಬಾಳಿಕೆ ಹೋಗುತ್ತದೆ, ಮುಗ್ಗುತ್ತದೆ. ಒಳಗೆ ಏನು ಬೆರೆಸಿದರೂ ಗೊತ್ತಾಗಲ್ಲ. ಕಲ್ಲು ಮಣ್ಣಿಲ್ಲದ ಹಸನು ರಾಗಿ ಕೊಡಲಿ. ಮೂರರಲ್ಲಿ ಒಂದು ಕೆಲಸ ಅಲ್ಲೇ ತಪ್ಪುತ್ತದೆ.

ಮೈಸೂರಿನ ಕಥೆ ಬೇರೆ. ಅಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಮಕ್ಕಳಿಗೆ ರಾಗಿ ಬಿಸ್ಕತ್ತು. "ನಾವೂ ರಾಗಿಗೆ ಬಂದ್ವಿ ಕಣೇ" ಅಂತ ಖುಷಿಯಿಂದ ತೋರಿಸಿದಳು. ಪೊಟ್ಟಣ ತಿರುಗಿಸಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ನೂರಕ್ಕೆ ಹತ್ತು ಭಾಗವೂ ಇರಲಿಲ್ಲ. ಪದಾರ್ಥಗಳನ್ನು ತೂಕದ ಪ್ರಕಾರ, ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅನ್ನುವುದು ನಮ್ಮಲ್ಲಿ ಕಾನೂನು. ಹಾಗಾಗಿ ಮೊದಲ ಮೂರು ಹೆಸರು ನೋಡಿದರೆ ಸಾಕು. ಆ ಬಿಸ್ಕತ್ತಿನಿಂದ ನಾಗಮಂಗಲದ ಹೊಲಕ್ಕೆ ಏನು ತಲುಪೀತು?

ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ ನಂಬಿದವರು ದಿನಾ ಬರುತ್ತಾರೆ. ರಾಗಿಯಲ್ಲೂ ನೂರು ಗ್ರಾಂಗೆ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟೇ. ನುಣ್ಣಗೆ ವಂದರಿ (ಜರಡಿ) ಹಿಡಿದು ಮಾಡಿದ ಗಂಜಿಯಂತೂ ಬೇಗ ಏರಿಸುತ್ತದೆ. ಒಂದು ಮುದ್ದೆ ಸಾಕು, ಅದರ ಮೇಲೆ ಮತ್ತೆ ಅನ್ನ ಬೇಡ.

ರಕ್ತ ಕಡಿಮೆ ಇದ್ದ ಆ ಹೆಣ್ಣುಮಗಳಿಗೂ ಬರೀ ಮುದ್ದೆ ಪರಿಹಾರವಲ್ಲ. ರಾಗಿಯಲ್ಲಿ ಸುಣ್ಣದಂಶ ಭಾರಿ, ನೂರು ಗ್ರಾಂಗೆ ಸುಮಾರು 364 ಮಿಲಿಗ್ರಾಂ. ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ಆದರೆ ಕಬ್ಬಿಣ ಸುಮಾರು 4.6 ಮಿಲಿಗ್ರಾಂ ಅಷ್ಟೆ. ಅದನ್ನೂ ಮೈಗೆ ಹತ್ತಲು ಬಿಡದ ಫೈಟೇಟ್ ಕಾಳಲ್ಲೇ ಇದೆ. ಮೊಳಕೆ ಕಟ್ಟಿದರೆ, ಅಂಬಲಿ ಹುಳಿಯಲು ಬಿಟ್ಟರೆ ಫೈಟೇಟ್ ಕಡಿಮೆಯಾಗುತ್ತದೆ. ನಿಂಬೆಹುಳಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೆ ಟೀ ಕುಡಿದರೆ ಕೆಡುತ್ತದೆ.

ಉಳಿದದ್ದು ಸಾರಿನ ಕೆಲಸ. ಹಳೇ ರಾಗಿ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಮುದ್ದೆ, ಬಸ್ಸಾರು, ಒಗ್ಗರಣೆ ಎಲ್ಲ ಒಂದೇ ಹೊಲದಿಂದ. ರಾಗಿಯಲ್ಲಿ ಪ್ರೋಟೀನು ನೂರಕ್ಕೆ ಏಳು ಭಾಗ ಮಾತ್ರ, ಕೊರತೆ ಕಾಳು ತುಂಬುತ್ತಿತ್ತು. ಈಗ ಸೊಸೈಟಿಯಿಂದ ರಾಗಿ ಬರುತ್ತದೆ, ಅಕ್ಕಡಿ ಬರಲ್ಲ. ಅವರೆಕಾಳಿನ ಬೆಲೆ ಕೇಳಿ ತಿಳಿಸಾರಿಗೆ ಇಳಿದ ಮನೆಗಳು ಬೇಕಾದಷ್ಟಿವೆ. ನಾನು ಹುರುಳಿಕಾಳು ಹೇಳುತ್ತೇನೆ, ಕೈಗೆಟುಕುವ ಬೆಲೆ ಅಂತ. ಹೊಲದ ಬದುವಿನ ಸೊಪ್ಪಿಗೆ ಅದೂ ಇಲ್ಲ. ಆದರೆ ಆರಿಸಬೇಕು, ಸೋಸಬೇಕು. ಮತ್ತೆ ಅದೇ ಕೈ.

ಕೊನೆಗೆ ಆಕೆಗೆ ನಾನು ಹೇಳಿದ್ದು ಇಷ್ಟೇ. ಅಕ್ಕಪಕ್ಕದ ಮೂರು ಮನೆಯವರು ಸೇರಿ ಭಾನುವಾರ ರಾಗಿ ಹಸನು ಮಾಡಿಕೊಳ್ಳಿ, ಒಬ್ಬರು ಮಿಲ್ಲಿಗೆ ಹೋಗಿ ಬನ್ನಿ. ಹದಿನೈದು ದಿನಕ್ಕೆ ಆಗುವಷ್ಟೇ ಹಿಟ್ಟು ಮಾಡಿಸಿ. ಹಿಟ್ಟು, ನೀರು ಕಲಸಿ ಕುಕ್ಕರಿನಲ್ಲಿ ಬೇಯಿಸಿಕೊಂಡರೆ ಒಲೆ ಮುಂದೆ ಬಡಿದಾಡುವುದು ಅರ್ಧಕ್ಕರ್ಧ ಉಳಿಯುತ್ತದೆ. ಟೀ ಊಟವಾಗಿ ಒಂದು ಗಂಟೆ ಬಿಟ್ಟು. ಜೊತೆಗೆ ಡಾಕ್ಟರು ಬರೆದ ಮಾತ್ರೆ ತಪ್ಪಿಸಬೇಡಿ. ಆಮೇಲೆ, ಮನೇಲಿ ಗಂಡಸರಿಗೂ ಎರಡು ಕೈ ಇದೆಯಲ್ವಾ?

ನಕ್ಕು ಹೋದರು. ಮೊನ್ನೆ ಮತ್ತೆ ಬಂದಿದ್ದರು. "ವಾರಕ್ಕೆ ಮೂರು ದಿನ ನಮ್ಮೆಜಮಾನ್ರೇ ತೊಳಸ್ತಾರೆ ಮೇಡಂ. ಬರೀ ಗಂಟು. ಬಸ್ಸಾರಲ್ಲಿ ಅದ್ಕೊಂಡು ನುಂಗ್ತೀವಿ" ಅಂದರು. ಹಿಮೋಗ್ಲೋಬಿನ್ ಮುಂದಿನ ತಿಂಗಳು ನೋಡಬೇಕು.