ಶಿಶುವಿನ ಉಸಿರಾಟಕ್ಕೆ ಅಡ್ಡಿ, ಮೂಲ ಮಿದುಳಿನಲ್ಲಿ

ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಮುಚ್ಚಿಕೊಳ್ಳದ ನ್ಯೂನತೆಯೊಂದಿಗೆ ಹುಟ್ಟಿದ ಶಿಶು, ಮೊದಲ ಮೂರು ತಿಂಗಳೊಳಗೆ ಉಸಿರೆಳೆಯುವಾಗ ಕೀಚಲು ಸದ್ದು ಮಾಡತೊಡಗಿದರೆ ಮನೆಯವರು ಅದನ್ನು ಕಫವೆಂದು ತಿಳಿಯುವುದು ಸಹಜ. ಆದರೆ ಆ ಸದ್ದಿನ ಮೂಲ ಎದೆಯಲ್ಲಿರುವುದಿಲ್ಲ.

ಇಂಥ ಮಕ್ಕಳಲ್ಲಿ ಕಿರುಮಿದುಳಿನ ಭಾಗ ಮತ್ತು ಮಿದುಳುಕಾಂಡ ತಲೆಬುರುಡೆಯ ತಳದ ರಂಧ್ರದಿಂದ ಕತ್ತಿನೊಳಕ್ಕೆ ಜಾರಿರುತ್ತವೆ. ಪ್ರಾಗ್‌ನ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1891ರಲ್ಲಿ ಇದನ್ನು ವಿವರಿಸಿದರೂ, ದಶಕಗಳ ಕಾಲ ಅದು ಶವಪರೀಕ್ಷೆಯ ಸಂಗತಿಯಾಗಿಯೇ ಉಳಿಯಿತು. ತಲೆಯಲ್ಲಿ ನೀರು ತುಂಬಿಯೋ ಸೋಂಕು ತಗುಲಿಯೋ ಮಕ್ಕಳು ಬೇಗನೆ ತೀರಿಹೋಗುತ್ತಿದ್ದರು.

1950ರ ದಶಕದಲ್ಲಿ ಅಮೆರಿಕದ ತಂತ್ರಜ್ಞ ಜಾನ್ ಹೋಲ್ಟರ್ ಇದೇ ತೊಂದರೆಯಿದ್ದ ತನ್ನ ಮಗನಿಗಾಗಿ ಕವಾಟವೊಂದನ್ನು ರೂಪಿಸಿದರು. ತಲೆಯ ನೀರನ್ನು ಬೇರೆಡೆಗೆ ಹರಿಸುವ ಆ ಬಗೆಯ ಕೊಳವೆಗಳಿಂದ, ಅಂದರೆ ಶಂಟ್‌ಗಳಿಂದ, ಮಕ್ಕಳು ಬದುಕಿ ಉಳಿದ ಮೇಲೆಯೇ ಉಸಿರಿನ ತೊಡಕು ಎದ್ದು ಕಂಡಿತು. ಧ್ವನಿತಂತುಗಳನ್ನು ತೆರೆಯುವ ನರ ಸೆಳೆತಕ್ಕೆ ಸಿಕ್ಕಿ ದುರ್ಬಲವಾದಾಗ ಗಂಟಲು ಕಿರಿದಾಗಿ ಸದ್ದು ಹುಟ್ಟುತ್ತದೆ, ಅಳು ಕ್ಷೀಣವಾಗುತ್ತದೆ. ನುಂಗುವ ಶಕ್ತಿ ಕುಂದಿ ಹಾಲು ಮೂಗಿಗೆ, ಕೆಲವೊಮ್ಮೆ ಶ್ವಾಸಕೋಶಕ್ಕೇ ಹೋಗುತ್ತದೆ. ಉಸಿರನ್ನು ನಿಯಂತ್ರಿಸುವ ಕೇಂದ್ರವೇ ಬಾಧಿತವಾಗಿದ್ದರೆ ಮಗು ಅಳುತ್ತಳುತ್ತಲೇ ಉಸಿರು ಕಟ್ಟಿ ನೀಲಿಗಟ್ಟುತ್ತದೆ. ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು: ಗಂಟಲಿನ ತಡೆಯನ್ನು ಟ್ರೇಕಿಯಾಸ್ಟಮಿ, ಅಂದರೆ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಇಡುವುದು, ದಾಟಿಸಬಲ್ಲದು, ಮಿದುಳಿನಿಂದಲೇ ನಿಲ್ಲುವ ಉಸಿರನ್ನು ಅದು ಮರಳಿಸಲಾರದು. ಶಂಟ್ ಕಟ್ಟಿಕೊಂಡು ತಲೆಯೊಳಗಿನ ಒತ್ತಡ ಏರಿದರೂ ಉಸಿರು ಕೆಡಬಹುದು. ಹಾಗಾಗಿ ಶಂಟ್ ಇರುವ ಮಗುವಿಗೆ ಉಸಿರು ಕೆಟ್ಟಾಗ ವೈದ್ಯರು ಮೊದಲು ಶಂಟ್ ಕಟ್ಟಿಕೊಂಡಿದೆಯೇ ಎಂದು ನೋಡುತ್ತಾರೆ. ಅದನ್ನು ಸರಿಪಡಿಸಿದರೆ ಎಷ್ಟೋ ಸಲ ಉಸಿರೂ ಸುಧಾರಿಸುತ್ತದೆ. ಅದು ಸರಿಯಿದ್ದರೆ ಕತ್ತಿನ ಹಿಂಭಾಗದ ಮೂಳೆ ಬಿಡಿಸಿ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನರಕೇಂದ್ರಗಳ ರಚನೆಯೇ ಹುಟ್ಟಿನಿಂದ ಕೆಟ್ಟಿದ್ದಲ್ಲಿ ಅದರ ಫಲ ಅನಿಶ್ಚಿತ.

2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಗರ್ಭದ 26 ವಾರ ತುಂಬುವ ಮೊದಲೇ, ಗರ್ಭದೊಳಗಿರುವಾಗಲೇ ಶಸ್ತ್ರಚಿಕಿತ್ಸೆಯಿಂದ ಬೆನ್ನನ್ನು ಮುಚ್ಚಿದ ಶಿಶುಗಳ ಪೈಕಿ ಒಂದು ವರ್ಷದ ಹೊತ್ತಿಗೆ ಶೇ 64 ಮಂದಿಯಲ್ಲಿ ಮಿದುಳಿನ ಜಾರಿಕೆ ಕಂಡರೆ, ಹುಟ್ಟಿದ ಮೇಲೆ ಮುಚ್ಚಿದವರ ಪೈಕಿ ಶೇ 96 ಮಂದಿಯಲ್ಲಿತ್ತು. ಆದರೆ ಗರ್ಭದಲ್ಲೇ ಮುಚ್ಚಿದಾಗ ಅವಧಿಪೂರ್ವ ಹೆರಿಗೆಯ ಅಪಾಯವೂ ಹೆಚ್ಚಿತ್ತು.

ಇದಕ್ಕೂ 20 ವರ್ಷ ಮೊದಲೇ, 1991ರಲ್ಲಿ, ಬ್ರಿಟನ್ ಮುಂದಾಳತ್ವದ ಅಧ್ಯಯನವು ಫೋಲಿಕ್ ಆಮ್ಲದಿಂದ ಈ ನ್ಯೂನತೆಯ ಮರುಕಳಿಕೆ ಶೇ 72ರಷ್ಟು ತಗ್ಗುತ್ತದೆಂದು ತೋರಿಸಿತ್ತು. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳ ಮುಚ್ಚುವುದು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ. ಬಸಿರು ತಿಳಿದು, ತಾಯಿ ಕಾರ್ಡ್ ಮಾಡಿಸಿ, ಮಾತ್ರೆ ಕೈಸೇರುವ ಹೊತ್ತಿಗೆ ಆ ಅವಧಿ ಸಾಮಾನ್ಯವಾಗಿ ದಾಟಿರುತ್ತದೆ. ಒಮ್ಮೆ ಇಂಥ ಮಗುವನ್ನು ಹೆತ್ತವರಿಗೆ ವೈದ್ಯರು ಸೂಚಿಸುವ ಪ್ರಮಾಣ ದಿನಕ್ಕೆ 4 ಮಿಲಿಗ್ರಾಂ, ಅಂದರೆ ಸಾಮಾನ್ಯ ಪ್ರಮಾಣದ ಹತ್ತು ಪಟ್ಟು. ಅದು ಮುಂದಿನ ಗರ್ಭಕ್ಕೆ ಮುನ್ನವೇ ಆರಂಭವಾಗಬೇಕು. ಆ ಮಾತನ್ನು ಮೊದಲ ಮಗುವಿನ ಬಿಡುಗಡೆಯ ದಿನವೇ ತಾಯಿಗೆ ತಿಳಿಸಿ, ಚೀಟಿಯಲ್ಲೂ ಬರೆದುಕೊಡಬೇಕು.